ಹೊರದೇಶದ ಅಂಚೆ ಹಾಸಲು: ರಿಯಾಯಿತಿ ಯಾರಿಗೆ?

(ಕೆಂಚಾರ್ಲಹಳ್ಳಿಯಲ್ಲಿ ನಡೆದ ಮಿಲ್ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ಸಭೆಯ ವಿಷಯ ಕೇಳಿ ಚಿಂತಾಮಣಿಯಲ್ಲಿ ಕೆಲವರು ನಕ್ಕರಂತೆ. ಕೂಲಿ, ಬೋನಸ್ಸು, ಗೂಡಿನ ಧಾರಣೆ ಇವನ್ನೆಲ್ಲ ಬಿಟ್ಟು ಸ್ಟಾಂಪಿನ ದರಕ್ಕೊಂದು ಸಭೆಯೇ ಎಂದು. ನಗುವವರು ನಗಲಿ. ಮೇಷ್ಟರ ಕೆಲಸ ಬಿಟ್ಟು ಬಂದರೂ ನಮಗೆ ಲೆಕ್ಕ ಬಿಡಿಸುವ ಚಾಳಿ ಬಿಟ್ಟಿಲ್ಲ. ಈ ಲೆಕ್ಕವನ್ನು ನಿಮ್ಮೆದುರಿಗೇ ಬಿಡಿಸೋಣವೆಂದು ಬಂದಿದ್ದೇವೆ.

ನಮಗೆ ಪರಿಚಯದ ಒಬ್ಬ ಹೆಣ್ಣುಮಗಳು ರೇಷ್ಮೆಗೂಡಿನಿಂದ ಹಾರ ಕಟ್ಟುತ್ತಾಳೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿನೀರಿನಲ್ಲಿ ಕೈಯದ್ದಿ ನೂಲು ತೆಗೆಯುವ ಕೆಲಸ, ಸಂಜೆ ಹಾರದ ಕೆಲಸ. ಅಮೆರಿಕದಲ್ಲಿರುವ ನಮ್ಮ ಕಡೆಯವರ ಮನೆಯೊಂದು ಮದುವೆಗೆಂದು ಹಾರ ಕೇಳಿತು. ಗೂಡು ಹಗುರ, ಆದರೆ ಅಮುಕಿದರೆ ಕೆಟ್ಟಿತು. ಆದ್ದರಿಂದ ದೊಡ್ಡ ಪೆಟ್ಟಿಗೆಯೇ ಬೇಕು. ಉದ್ದ 30, ಅಗಲ 25, ಎತ್ತರ 20 ಸೆಂಟಿಮೀಟರು. ಮಾಲು ತುಂಬಿದ ಮೇಲೆ ತೂಕ 900 ಗ್ರಾಂ. ಖಾಸಗಿ ಕೊರಿಯರಿನವನು ತಕ್ಕಡಿ ನೋಡಲಿಲ್ಲ, ಟೇಪು ತೆಗೆದ. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದ. ಮೂರು ಬಂತು. ಮೂರು ಕಿಲೋ ಎಂದು ಬಿಲ್ಲು ಬರೆದ. ಕಿಲೋ ತುಂಬದ ಮಾಲಿಗೆ ಮೂರು ಕಿಲೋ ಬಾಡಿಗೆ! ಮೋಸವೆಂದು ನಾವು ಹೇಳುವುದಿಲ್ಲ. ವಿಮಾನದಲ್ಲಿ ಜಾಗಕ್ಕೂ ಬೆಲೆಯುಂಟು, ಲೋಕದ ಕೊರಿಯರಿನವರೆಲ್ಲ ಹೀಗೆಯೇ ಅಳೆಯುತ್ತಾರೆ. ಆದರೆ ಆ ಬಾಡಿಗೆಯನ್ನು ಹಾರದ ಬೆಲೆಗೆ ಸೇರಿಸಿದರೆ ಕೊಳ್ಳುವವರು ಉಳಿಯುವುದಿಲ್ಲ, ಸೇರಿಸದಿದ್ದರೆ ಕಟ್ಟಿದವಳಿಗೆ ಕೂಲಿ ಉಳಿಯುವುದಿಲ್ಲ.

ಸಣ್ಣ ಪೊಟ್ಟಣದ ವಿಷಯದಲ್ಲಿ ಅಂಚೆ ಇಲಾಖೆ ನಿಜವಾದ ತೂಕವನ್ನು ಹಿಡಿಯುತ್ತದೆ. ಸಣ್ಣವನಿಗೆ ಅಂಚೆ ಬೇಕಾದದ್ದು ಇದಕ್ಕೇ. 1854ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ದೂರ ನೋಡದೆ ತೂಕ ಮಾತ್ರ ನೋಡುವ ಅರ್ಧಾಣೆಯ ದರ ಬಂದಿತು. ಹತ್ತಿರದವನೂ ಅರ್ಧಾಣೆ, ಸಾವಿರ ಮೈಲಿಯವನೂ ಅರ್ಧಾಣೆ. ನಮ್ಮ ಮೈಸೂರು ಸೀಮೆಗೆ ಆಗ ತನ್ನದೇ ಅಂಚೆ ಇತ್ತು, 1889ರಲ್ಲಿ ಅದು ಇಂಪೀರಿಯಲ್ ಅಂಚೆಯಲ್ಲಿ ಸೇರಿಹೋಯಿತು. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ಇನ್ನು ಹೊರದೇಶದ ಮಾತು. ಕೆಂಚಾರ್ಲಹಳ್ಳಿಯಲ್ಲಿ ಹಾಕಿದ ಪೊಟ್ಟಣವನ್ನು ಚಿಕಾಗೋ ನಗರದ ಮನೆಬಾಗಿಲಿಗೆ ಮುಟ್ಟಿಸುವವನು ಅಮೆರಿಕದ ಅಂಚೆಯವನು. ನಾವು ದುಡ್ಡು ಕೊಟ್ಟಿದ್ದು ಇಲ್ಲಿಯ ಅಂಚೆಗೆ. ಅವನ ಕೂಲಿ ಎಲ್ಲಿಂದ? 1874ರಲ್ಲಿ ಬರ್ನ್ ನಗರದಲ್ಲಿ ದೇಶಗಳು ಕೂಡಿ ವಿಶ್ವ ಅಂಚೆ ಒಕ್ಕೂಟ ಕಟ್ಟಿದಾಗ ಇದಕ್ಕೆ ಒಂದು ಸರಳ ಉಪಾಯ ಮಾಡಿದರು. ಕಾಗದ ಬರೆದವನಿಗೆ ಉತ್ತರ ಬಂದೇ ಬರುತ್ತದೆ; ನಿಮ್ಮದನ್ನು ನಾವು ಹಂಚುತ್ತೇವೆ, ನಮ್ಮದನ್ನು ನೀವು ಹಂಚಿ, ಲೆಕ್ಕ ಸರಿಹೋಯಿತು. ಎರಡೇ ವರ್ಷದಲ್ಲಿ, 1876ರಲ್ಲಿ, ಭಾರತವೂ ಒಳಗೆ ಬಂತು. ಹಳ್ಳಿಯ ಮುಯ್ಯಿಯಂಥ ಪದ್ಧತಿ ಇದು. ಆದರೆ ಒಬ್ಬನ ಮನೆಯಿಂದ ಬರೀ ಹೋಗುವುದು, ಇನ್ನೊಬ್ಬನ ಮನೆಗೆ ಬರೀ ಬರುವುದು ಎಂದಾದರೆ ಮುಯ್ಯಿ ನಡೆಯುವುದಿಲ್ಲ. 1969ರ ಟೋಕಿಯೋ ಮಹಾಧಿವೇಶನದಲ್ಲಿ, ಹೆಚ್ಚು ಕಳಿಸಿದ ದೇಶ ಹಂಚುವ ದೇಶಕ್ಕೆ ಖರ್ಚು ಕೊಡಬೇಕೆಂದು ಗೊತ್ತುಮಾಡಿದರು. ಮುಂದೆ ಬಡ ದೇಶಗಳಿಗೆ ಈ ಖರ್ಚಿನಲ್ಲಿ ಕಡಿಮೆ ದರವಿಟ್ಟರು. ಅದು ನ್ಯಾಯವೇ ಆಗಿತ್ತು.

ಆ ಕಡಿಮೆ ದರದ ಹೆಚ್ಚಿನ ಲಾಭ ಹೊಡೆದದ್ದು ಚೀನಾದ ವ್ಯಾಪಾರ. ಅಮೆರಿಕದ ಒಂದು ಊರಿನಿಂದ ಪಕ್ಕದ ಊರಿಗೆ ಕಳಿಸುವುದಕ್ಕಿಂತ ಚೀನಾದಿಂದ ತರಿಸುವುದೇ ಅಗ್ಗ ಎನ್ನುವ ಸ್ಥಿತಿ ಬಂತು. 2018ರ ಅಕ್ಟೋಬರಿನಲ್ಲಿ ಅಮೆರಿಕ ಒಕ್ಕೂಟ ಬಿಡುವ ನೋಟೀಸು ಕೊಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ವಿಶೇಷ ಅಧಿವೇಶನ ಕೂಡಿ ರಾಜಿ ಮಾಡಿಕೊಂಡರು. 2020ರ ಜುಲೈಯಿಂದ ಅಮೆರಿಕ ಸಣ್ಣ ಪೊಟ್ಟಣದ ಹಂಚಿಕೆಗೆ ತನ್ನ ದರವನ್ನು ತಾನೇ ಹೇಳುವ ಹಕ್ಕು ಪಡೆಯಿತು. ಜಗಳವಾಡಿದವರು ಇಬ್ಬರು ದೊಡ್ಡವರು. ಹಂಚಿಕೆಯ ಖರ್ಚು ಏರಿದರೆ ಅದು ಕೊನೆಗೆ ಗೂಡಿನ ಹಾರದ ಮೇಲೆಯೇ ಬಂದು ಕೂರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. 800 ಡಾಲರಿನವರೆಗಿನ ಮಾಲಿಗೆ ಸುಂಕವಿಲ್ಲವೆಂಬ ರಿಯಾಯಿತಿಯನ್ನು ಅಮೆರಿಕ ಸರ್ಕಾರ 2025ರ ಆಗಸ್ಟ್ 29ರಿಂದ ಕಿತ್ತುಹಾಕಿತು. ಸುಂಕ ವಸೂಲು ಮಾಡುವವರು ಯಾರು, ಹೇಗೆ ಎಂಬುದೇ ಗೊತ್ತಾಗದೆ ವಿಮಾನದವರು ಟಪಾಲು ಹೊರಲು ಹಿಂದೆ ಸರಿದರು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಮಾಲಿನ ಟಪಾಲನ್ನು ನಿಲ್ಲಿಸಿತು, ತಿಂಗಳ ಕೊನೆಗೆ ಕಾಗದಪತ್ರವನ್ನೂ ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಆಗ ಅಲ್ಲಿಯ ಸುಂಕವನ್ನು ಇಲ್ಲಿಯೇ ಮುಂಗಡ ಕಟ್ಟುವ ಪದ್ಧತಿ ಬಂತು, ದರ ಮಾಲಿನ ಬೆಲೆಯ ನೂರಕ್ಕೆ 50. ಅದು ಆಗಿನ ದರ. ಈ ಸುಂಕ ಗೋಸುಂಬೆಯ ಹಾಗೆ ಬಣ್ಣ ತಿರುಗಿಸುತ್ತದೆ, ಕಳಿಸುವ ದಿನ ವಿಚಾರಿಸದೆ ಯಾರೂ ಬೆಲೆ ಒಪ್ಪಬೇಡಿ. ಆ ಏಳು ವಾರ ನಮ್ಮ ಹೆಣ್ಣುಮಗಳ ಹಾರ ಮನೆಯ ಅಟ್ಟದಲ್ಲಿತ್ತು. ಮದುವೆ ಮುಗಿಯಿತು.

ಸರ್ಕಾರ ಏನೂ ಮಾಡಿಲ್ಲವೆಂದರೆ ಅದು ಸುಳ್ಳು. 2022ರಿಂದ ಡಾಕ್ ಘರ್ ನಿರ್ಯಾತ್ ಕೇಂದ್ರಗಳೆಂದು ತೆರೆದಿದ್ದಾರೆ, ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಕಸ್ಟಂಸಿನ ಕಾಗದವನ್ನು ಅಲ್ಲಿಯೇ ಕಂಪ್ಯೂಟರಿನಲ್ಲಿ ತುಂಬಬಹುದು, ಬೆಂಗಳೂರಿನ ಫಾರಿನ್ ಪೋಸ್ಟ್ ಆಫೀಸಿಗೆ ನಾವೇ ಹೊತ್ತುಕೊಂಡು ಓಡಬೇಕಾಗಿಲ್ಲ. ರಫ್ತಿನ ನಂಬರು, ಅಂದರೆ ಐ.ಇ.ಸಿ., ಪಡೆಯಲು 500 ರೂಪಾಯಿ ಸಾಕು. ಆದರೆ ಒಂದು ಮಾತು ಕೇಳಿ. ರಫ್ತು ಮಾಡುವವನಿಗೆ ಒಳಗಿನ ತೆರಿಗೆಯನ್ನು ಹಿಂದಿರುಗಿಸುವ ರೊಡ್‌ಟೆಪ್ ಯೋಜನೆ ಶುರುವಾದದ್ದು 2021ರ ಜನವರಿಯಲ್ಲಿ. ಹಡಗಿನಲ್ಲಿ ಕಂಟೇನರು ತುಂಬಿದವನಿಗೆ ಅದು ಸಿಕ್ಕಿತು. ಅಂಚೆಯಲ್ಲಿ ಕಂಪ್ಯೂಟರು ಮೂಲಕ ಕಳಿಸುವವನಿಗೆ ಅದು ವಿಸ್ತರಿಸಿದ್ದು 2026ರ ಜನವರಿ 15ಕ್ಕೆ. ಐದು ವರ್ಷ! ಪೊಟ್ಟಣ ಕಟ್ಟಿದವನು ಕಟ್ಟಿದ ತೆರಿಗೆ ತೆರಿಗೆಯಲ್ಲವೇ?

ರಿಯಾಯಿತಿಯದೂ ಇದೇ ಕಥೆ. ಒಂದು ಅಂಚೆ ಕಛೇರಿಯಲ್ಲಿ, ಊರಿನ ಹೆಸರು ಬೇಡ, ನಾವೇ ಹೋಗಿ ಕೇಳಿದೆವು. ರಿಯಾಯಿತಿ ಇದೆ ಸ್ವಾಮಿ, ಗುತ್ತಿಗೆ ಮಾಡಿಕೊಂಡವರಿಗೆ, ತಿಂಗಳ ಬಾಬತ್ತು ನೋಡಿ, ಎಂದರು ಅಲ್ಲಿಯವರು. ಹೆಚ್ಚು ಕಳಿಸಿದಷ್ಟೂ ಕಡಿಮೆ ದರ. ತಿಂಗಳಿಗೆ ಎರಡು ಪೊಟ್ಟಣದವನು ಕಿಟಕಿಯಲ್ಲಿ ಪೂರಾ ದರ ಕೊಟ್ಟು ಹೋಗಬೇಕು. ಅಮೆರಿಕದ ಅಂಚೆಯಲ್ಲಿ ಕಂಪ್ಯೂಟರಿನಲ್ಲಿ ಚೀಟಿ ಅಚ್ಚುಹಾಕಿ ತಂದವನಿಗೆ, ಒಂದೇ ಪೊಟ್ಟಣವಾದರೂ, ಕಿಟಕಿಯ ದರಕ್ಕಿಂತ ಕಡಿಮೆ ದರ. ಕಿಟಕಿಯ ಕೆಲಸ ಉಳಿಸಿದ್ದಕ್ಕೆ ಅದು ಪ್ರತಿಫಲ. ನಿರ್ಯಾತ್ ಕೇಂದ್ರಕ್ಕೆ ಕಾಗದವೆಲ್ಲ ತಾನೇ ತುಂಬಿ ತರುವ ನಮ್ಮ ಸಣ್ಣ ವ್ಯಾಪಾರಿಗೂ ಅದು ಸಿಗಬೇಕು. ಇದೇನೂ ಕಂಡುಕೇಳರಿಯದ ಬೇಡಿಕೆಯಲ್ಲ. ನಮ್ಮ ದೇಶದಲ್ಲಿಯೇ ರಿಜಿಸ್ಟರ್ಡ್ ಪತ್ರಿಕೆಗೆ ರಿಯಾಯಿತಿ ದರದ ಟಪಾಲು ಬಹುಕಾಲದಿಂದ ಇದೆ, ಒಂದೇ ಪ್ರತಿಯಾದರೂ. ಅಕ್ಷರಕ್ಕೆ ಕೊಟ್ಟದ್ದನ್ನು ಕೈಕೆಲಸಕ್ಕೂ ಕೊಡಲಿ.

ಇಲ್ಲಿ ಒಂದು ಎಚ್ಚರಿಕೆ. ಈ ರಿಯಾಯಿತಿಯನ್ನು ಗ್ರಾಮೀಣ ಡಾಕ್ ಸೇವಕರ ಹೊಟ್ಟೆಯ ಮೇಲೆ ಹೊಡೆದು ಕೊಡುವುದಾದರೆ ನಮಗೆ ಬೇಡ. ಹಳ್ಳಿಯ ಶಾಖಾ ಅಂಚೆ ನಡೆಸುವವರಿಗೆ ನಾಲ್ಕೈದು ಗಂಟೆಯ ಲೆಕ್ಕದ ಭತ್ಯೆ, ಪೂರಾ ಸರ್ಕಾರಿ ನೌಕರರ ಸ್ಥಾನ ಇಲ್ಲ. ಕಿಟಕಿಯ ಆಚೆಗೂ ಕೂಲಿಯವರೇ ಇದ್ದಾರೆ, ಅವರ ಮೇಲೆ ಕೂಗಾಡಬೇಡಿ.

ದರ ಇಳಿಯುವವರೆಗೆ ಏನು ಮಾಡುವುದು? ನಾವು ಹೇಳುವುದಿಷ್ಟೇ. ಹತ್ತು ಮನೆಯ ಎರಡೆರಡು ಪೊಟ್ಟಣ ಕೂಡಿದರೆ ಇಪ್ಪತ್ತು. ಚಿಂತಾಮಣಿ, ಶಿಡ್ಲಘಟ್ಟದವರೂ ಸೇರಿದರೆ ಇನ್ನೂ ಹೆಚ್ಚು. ಸಹಕಾರ ಸಂಘವೊಂದರ ಹೆಸರಿನಲ್ಲಿ ಒಂದು ಐ.ಇ.ಸಿ., ಅಂಚೆಯೊಂದಿಗೆ ಒಂದು ಗುತ್ತಿಗೆ. ಆಗ ನಾವೂ ದೊಡ್ಡ ಗಿರಾಕಿಯೇ. ಇಲ್ಲಿಯ ರೇಷ್ಮೆ ನೂಲು ಕಂಚಿಗೂ ಧರ್ಮಾವರಕ್ಕೂ ಹೋಗಿ ಸೀರೆಯಾಗಿ ಬೆಲೆ ಕಟ್ಟಿಸಿಕೊಳ್ಳುತ್ತದೆ, ನಮಗೆ ಉಳಿಯುವುದು ಹುಳುವಿನ ವಾಸನೆ. ಶಾಲು, ಹಾರ, ಹೊಲಿದ ಚೀಲ, ಎರಡು ಕಿಲೋ ಒಳಗಿನ ಏನನ್ನಾದರೂ ನೆಟ್ಟಗೆ ಇಲ್ಲಿಂದಲೇ ಕಳಿಸುವ ದಾರಿ ಇದೊಂದೇ ಕಾಣುತ್ತದೆ.

ಇದಕ್ಕೆ ಎರಡು ಆಕ್ಷೇಪಣೆ ಬಂದಿವೆ. ಅಂಗಡಿಯ ಒಬ್ಬ ಹಿರಿಯರು, ನಮ್ಮ ಗಿರಾಕಿಯ ವಿಳಾಸ ಸಂಘದ ಗುಮಾಸ್ತನ ಕಣ್ಣಿಗೆ ಬಿದ್ದರೆ ನಾಳೆ ಅದು ಪಕ್ಕದವನ ಗಿರಾಕಿಯಾಗುತ್ತದೆ ಎಂದರು. ಈ ಹೆದರಿಕೆ ಸುಳ್ಳಲ್ಲ. ಸಂಘದ ಮೂಲಕ ಬಂದ ಗಿರಾಕಿಗೆ ಆರು ತಿಂಗಳು ಬೇರೆ ಸದಸ್ಯ ಮಾಲು ಕಳಿಸಕೂಡದೆಂದು ನಿಯಮ ಬರೆಯೋಣ. ಮುರಿದವನನ್ನು ಹೊರಗೆ ಹಾಕೋಣ. ಪೂರಾ ಕಾವಲು ಸಾಧ್ಯವೆಂದು ನಾವು ಮಾತು ಕೊಡಲಾರೆವು. ಎರಡನೆಯದು ನೂಲು ತೆಗೆಯುವ ಅಕ್ಕಂದಿರದು, ನಮ್ಮ ಮಟ್ಟಿಗೆ ಇದೇ ಭಾರವಾದದ್ದು. ಹಾಸಲು ಇಳಿದರೆ ಉಳಿದ ದುಡ್ಡು ವ್ಯಾಪಾರಿಯ ಪೆಟ್ಟಿಗೆಗೆ ಹೋಗುತ್ತದೆ, ನಮಗೇನು, ಎಂದು ಕೇಳಿದರು. ಸರಿಯಾಗಿ ಕೇಳಿದರು. ಪ್ರತಿ ಪೊಟ್ಟಣದಲ್ಲಿ ಉಳಿದ ಹಾಸಲಿನ ಅರ್ಧ ಮಾಲು ಮಾಡಿದವರ ಕೂಲಿಗೆ ಸೇರಬೇಕೆಂದು ಮೊದಲನೆಯ ನಿಯಮವಾಗಿಯೇ ಬರೆಯದ ಹೊರತು ನಾವು ಈ ಸಂಘಕ್ಕೆ ಓಡಾಡುವುದಿಲ್ಲ. ವ್ಯಾಪಾರಿಗಳು ಇದಕ್ಕೆ ಒಪ್ಪುತ್ತೀರೋ ಇಲ್ಲವೋ, ಇಲ್ಲಿಯೇ, ಅವರ ಎದುರಿಗೇ ಹೇಳಿ.

ಹೆಸರು ಬರೆಯುವ ಪುಸ್ತಕ ಮೇಜಿನ ಮೇಲಿದೆ. ಒಂದು ಪುಟ ವ್ಯಾಪಾರಿಗಳಿಗೆ, ಎದುರು ಪುಟ ಕೆಲಸಗಾರರಿಗೆ. ಎರಡು ಪುಟವೂ ತುಂಬಿದ ಮೇಲೆಯೇ ಚಿಂತಾಮಣಿಯ ಅಂಚೆ ಕಛೇರಿಗೆ ಹೋಗುವುದು.