ಆಶ್ರಯ ಕೇಳಲು ದೂರು ಬೇಕಿಲ್ಲ



ಕೆಲವು ವರ್ಷಗಳ ಹಿಂದೆ ಮುಂಬಯಿಯ ನಮ್ಮ ಸೊಸೈಟಿಯ ಹೆಣ್ಣುಮಗಳೊಬ್ಬಳು ಗಂಡನ ಹೊಡೆತ ತಾಳಲಾರದೆ ರಾತ್ರಿ ನನ್ನ ಬಾಗಿಲು ತಟ್ಟಿದಳು. "ಮೊದಲು ಪೊಲೀಸರಿಗೆ ದೂರು ಕೊಡು, ಆಮೇಲೆ ಆಶ್ರಯ ಸಿಗುತ್ತದೆ" ಎಂದೆ. ಹೆದರಿ ಅದೇ ಮನೆಗೆ ಮರಳಿದಳು. ನಾನು ಹೇಳಿದ್ದು ತಪ್ಪು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ನಿಯಮದಂತೆ, ದೌರ್ಜನ್ಯದ ವರದಿ ದಾಖಲಾಗಿಲ್ಲವೆಂದು 'ಆಶ್ರಯಧಾಮ' ಯಾರನ್ನೂ ತಿರುಗಿಸಿ ಕಳಿಸುವಂತಿಲ್ಲ. ಅವಳು ಬೇಡವೆಂದರೆ, ಅಲ್ಲಿರುವ ಸುಳಿವನ್ನು ಗಂಡನಿಗೆ ಕೊಡುವಂತಿಲ್ಲ. ವರದಿ ಬರೆದುಕೊಂಡು ಕೋರ್ಟಿನ ಕೆಲಸಕ್ಕೆ ನೆರವಾಗುವವರು 'ಸಂರಕ್ಷಣಾಧಿಕಾರಿ'. ಗಂಡನೊಡನೆ ಬಾಳಿದ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ಅವಳಿಗೆ ವಾಸದ ಹಕ್ಕಿದೆ. ಆಶ್ರಯಧಾಮಕ್ಕೆ ಹೋದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ಇನ್ನು ಯಾರೇ ಬಾಗಿಲು ತಟ್ಟಿದರೂ ಮೊದಲು ಒಳಗೆ ಕರೆಯುತ್ತೇನೆ, ಆಮೇಲೆ 181ಕ್ಕೆ ಫೋನ್ ಮಾಡುತ್ತೇನೆ. ನೀವೂ ಹಾಗೆಯೇ ಮಾಡಿ.