ಮಡಿಲು ತುಂಬಿದ ಮನೆ, ಮಡಿಲು ಬರಿದಾದ ಮನೆ

(ಮಾತೆ ಮರಿಯಮ್ಮನವರ ಜನನೋತ್ಸವದಂದು ಮೈಸೂರಿನಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳ ನವೇನ ಮುಗಿಸಿ ಇಂದು ನಾವು ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಸೇರಿದ್ದೇವೆ. ಮಕ್ಕಳ ತಟ್ಟೆಯಲ್ಲಿದ್ದ ಹೂವೆಲ್ಲ ಈಗ ಮಾತೆಯ ಪಾದದಲ್ಲಿದೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು ಹೊಸ ಭತ್ತದ ತೆನೆಯನ್ನೂ ತಂದು ಆಶೀರ್ವಾದ ಮಾಡಿಸಿಕೊಂಡಿವೆ. ನಮ್ಮ ಕಾವೇರಿ ಬಯಲಿನಲ್ಲಿ ಸೆಪ್ಟೆಂಬರಿನಲ್ಲಿ ಭತ್ತ ಇನ್ನೂ ಹಸಿರು ಪೈರು. ಹಾಗಾಗಿ ಆ ತೆನೆ ಬಸ್ಸು ಹತ್ತಿಯೇ ಬರಬೇಕು. ಬಂದಿದೆ, ಸಂತೋಷ.

ಸಾಮಾನ್ಯವಾಗಿ ಧರ್ಮಸಭೆ ಸಂತರನ್ನು ಅವರು ಈ ಲೋಕ ಬಿಟ್ಟುಹೋದ ದಿನದಂದು ನೆನೆಯುತ್ತದೆ. ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ಮೂವರದ್ದು ಮಾತ್ರ: ಡಿಸೆಂಬರ್ 25ರಂದು ಪ್ರಭು ಯೇಸುವಿನದು, ಜೂನ್ 24ರಂದು ಸ್ನಾನಿಕ ಯೊವಾನ್ನರದು, ಸೆಪ್ಟೆಂಬರ್ 8ರಂದು ಮರಿಯಮ್ಮನವರದು. ಇನ್ನೊಂದು ಸಂಗತಿ ಗಮನಿಸಿ. ಡಿಸೆಂಬರ್ 8ರಂದು ಅಮಲೋದ್ಭವ ಮಾತೆಯ ಹಬ್ಬ, ಅಂದರೆ ಮರಿಯಮ್ಮನವರು ತಾಯಿ ಅನ್ನಮ್ಮನವರ ಗರ್ಭದಲ್ಲಿ ಮೂಡಿದ ಹಬ್ಬ. ಅಲ್ಲಿಂದ ಎಣಿಸಿದರೆ ಇಂದಿಗೆ ಸರಿಯಾಗಿ ಒಂಬತ್ತು ತಿಂಗಳು. ಮಾರ್ಚ್ 25ರ ಮಂಗಳವಾರ್ತೆಯ ಹಬ್ಬದಿಂದ ಕ್ರಿಸ್ತಜಯಂತಿಗೂ ಅಷ್ಟೇ. ಮನೆಯ ಅಜ್ಜಿ ಸೊಸೆಯ ತಿಂಗಳುಗಳನ್ನು ಬೆರಳು ಮಡಿಸಿ ಎಣಿಸುವ ಹಾಗೆ ಧರ್ಮಸಭೆಯೂ ಎಣಿಸುತ್ತದೆ. ಮಗು ತೊಟ್ಟಿಲಿಗೆ ಬಂದ ಮೇಲೆ ಮನೆಯವರಲ್ಲಿ ಒಬ್ಬರಾಗುವುದಲ್ಲ. ಅದಕ್ಕೂ ಮೊದಲೇ ಅದು ಮನೆಯ ಲೆಕ್ಕದಲ್ಲಿದೆ. ಈ ಮಾತನ್ನು ನೆನಪಿನಲ್ಲಿಡಿ. ಮತ್ತೆ ಅದಕ್ಕೆ ಬರುತ್ತೇನೆ.

ಇಂದಿನ ಶುಭಸಂದೇಶವನ್ನು ಓದುವಾಗ ಕೆಲವರು ಆಕಳಿಸಿದ್ದನ್ನು ಇಲ್ಲಿಂದಲೇ ನೋಡಿದೆ. ಬೇಸರವಿಲ್ಲ. ಸಂತ ಮತ್ತಾಯರು ಬರೆದ ವಂಶಾವಳಿ ಅದು, ಅಬ್ರಹಾಮನಿಂದ ಜೋಸೆಫರವರೆಗೆ ಹೆಸರಿನ ಮೇಲೆ ಹೆಸರು. ಆದರೆ ಒಂದೊಂದು ಹೆಸರಿನ ಹಿಂದೆಯೂ ಒಂದು ಹೆರಿಗೆ ಇದೆ, ಒಂದು ಸಾವೂ ಇದೆ. ರೂತಳ ಹೆಸರು ಬಂತಲ್ಲ, ಅವಳ ಅತ್ತೆ ನವೊಮಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಪರಸ್ಥಳದಲ್ಲಿ ಮಣ್ಣು ಮಾಡಿ ಬೆತ್ಲೆಹೇಮಿಗೆ ಮರಳಿದವಳು. ನನ್ನ ಬದುಕು ಕಹಿಯಾಗಿದೆ, ಇನ್ನು ನನ್ನನ್ನು ಹಳೆಯ ಹೆಸರಿನಿಂದ ಕರೆಯಬೇಡಿ ಎಂದು ಊರಿನವರಿಗೆ ಹೇಳಿದಳು. ಮುಂದೆ ರೂತಳಿಗೆ ಮಗು ಹುಟ್ಟಿದಾಗ ಆ ಮಗುವನ್ನು ಎತ್ತಿ ಮಡಿಲಲ್ಲಿ ಮಲಗಿಸಿಕೊಂಡವಳೂ ಇದೇ ನವೊಮಿ. ಆ ಮಗುವಿನ ಮೊಮ್ಮಗ ದಾವೀದ ಅರಸ. ನವೊಮಿಗೆ ತನ್ನ ಸತ್ತ ಮಕ್ಕಳು ಮರೆತುಹೋದರು ಎಂದು ಪವಿತ್ರ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಅದೇ ಮಡಿಲು, ಅದೇ ಹೆಂಗಸು, ದುಃಖವೂ ಅಲ್ಲಿಯೇ ಇದೆ, ಮಗುವೂ ಅಲ್ಲಿಯೇ ಇದೆ.

ನಮ್ಮ ಮನೆಗಳಲ್ಲಿಯೂ ಇವೆರಡು ಬೇರೆ ಬೇರೆ ಬಾಗಿಲಿನಿಂದ ಬರುವುದಿಲ್ಲ. ಊರಿನವರು ಫಿಲೋಮಿನಾ ಚರ್ಚು ಎನ್ನುವ ನಮ್ಮ ಪ್ರಧಾನಾಲಯವನ್ನೇ ನೋಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಅಡಿಗಲ್ಲು ಹಾಕಿದರು. ಪೂರ್ಣ ಹೆಸರು ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಪ್ರಧಾನಾಲಯ. ಫಿಲೋಮಿನಾ ಎಳೆಯ ಮಕ್ಕಳ ಪಾಲಕಿಯೆಂದು ಭಕ್ತರ ನಂಬಿಕೆ. ಜೋಸೆಫರು ಒಳ್ಳೆಯ ಮರಣದ ಪಾಲಕರು. ಮಗು ಬೇಕೆಂದು ನೆಲಮಾಳಿಗೆಯ ಮೆಟ್ಟಿಲಿಳಿಯುವ ದಂಪತಿಗಳೂ, ಹಾಸಿಗೆ ಹಿಡಿದ ತಂದೆಗೆ ಒಳ್ಳೆಯ ಮರಣ ಬೇಡುವ ಮಗನೂ ಒಂದೇ ಅಂಗಳದಲ್ಲಿ ಚಪ್ಪಲಿ ಬಿಡುತ್ತಾರೆ.

ಮಗುವಿಗಾಗಿ ಕಾಯುವ ಮನೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ತಾಯಿ ಕಾರ್ಡು ಕೈಯಲ್ಲಿ ಹಿಡಿದು ಚೆಲುವಾಂಬ ಆಸ್ಪತ್ರೆಯಲ್ಲಿ ಬೆಳಗ್ಗೆಯೇ ಸರದಿಯಲ್ಲಿ ನಿಂತವರು ನಮ್ಮಲ್ಲಿದ್ದಾರೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಗಂಡ ಜೇಬಿನೊಳಗೆ ಜಪಸರ ಉರುಳಿಸುತ್ತಾ ನಿಂತಿರುತ್ತಾನೆ, ಯಾರಾದರೂ ನೋಡಿದರೆ ಮೊಬೈಲ್ ಹುಡುಕುವ ಹಾಗೆ ನಟಿಸುತ್ತಾನೆ! ಇನ್ನು ವರ್ಷಗಟ್ಟಲೆ ಕಾದವರು. ಅವರಿಗೆ ಮದುವೆ ಮನೆಗೆ ಹೋಗುವುದೇ ಭಯ. ‘ಏನಾದರೂ ವಿಶೇಷ ಉಂಟಾ?’ ಎಂಬ ಪ್ರಶ್ನೆ ಊಟದ ಎಲೆಗಿಂತ ಮೊದಲು ಬಂದುಬಿಡುತ್ತದೆ. ಎರಡನೇ ಶತಮಾನದ ಒಂದು ಹಳೆಯ ಬರಹ ಮರಿಯಮ್ಮನವರ ತಂದೆತಾಯಿ ಜೋಕಿಂ ಮತ್ತು ಅನ್ನಮ್ಮನವರ ಕಥೆ ಹೇಳುತ್ತದೆ. ಅದು ಪವಿತ್ರ ಗ್ರಂಥದ ಭಾಗವಲ್ಲ, ಆದರೂ ಅವರ ಹೆಸರು ನಮಗೆ ಬಂದದ್ದು ಅಲ್ಲಿಂದಲೇ. ಮಕ್ಕಳಿಲ್ಲ ಎಂಬ ಕಾರಣಕ್ಕೆ ಜೋಕಿಮರ ಕಾಣಿಕೆಯನ್ನು ತಡೆದು ಅವರನ್ನು ಜನರೆದುರು ಅವಮಾನಿಸಿದರಂತೆ. ನೋಡಿ, ಆ ಪ್ರಶ್ನೆ ಎಷ್ಟು ಹಳೆಯದು. ದಯವಿಟ್ಟು ಕೇಳಬೇಡಿ. ವಿಶೇಷ ಇದ್ದರೆ ಅವರೇ ಹೇಳುತ್ತಾರೆ.

ಈಗ ಸಾವಿನ ಮಾತು. ನಮ್ಮ ತಾಯಿ ತೀರಿಕೊಂಡಾಗ ನನ್ನ ತಂಗಿ ಏಳು ತಿಂಗಳ ಬಸುರಿ. ಬಳೆ ತೊಡಿಸಿ ಹತ್ತು ದಿನವೂ ಆಗಿರಲಿಲ್ಲ, ಕೈತುಂಬ ಹಸಿರು ಬಳೆ. ಪೆಟ್ಟಿಗೆಯನ್ನು ಹಜಾರದಲ್ಲಿ ಇಟ್ಟಿದ್ದರು. ತಂಗಿಯನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದಕ್ಕೆ ಎಳೆದಿದ್ದರು. ಬಸುರಿ ಹೆಣ ನೋಡಬಾರದು, ಮಣ್ಣಿಗೆ ಬರಬಾರದು, ಮಗುವಿಗೆ ಆಗಿಬರುವುದಿಲ್ಲ ಎಂದು ಹಿರಿಯರ ಮಾತು. ಹೊರಗೆ ಜಪಸರ ನಡೆಯುತ್ತಿತ್ತು, ಒಳಗಿನಿಂದ ಬಳೆಯ ಸದ್ದು ಕೇಳುತ್ತಿತ್ತು. ಆಗ ನಮ್ಮ ದೊಡ್ಡಮ್ಮ ಎದ್ದರು. ಅವರು ಓದು ಬಲ್ಲವರಲ್ಲ. ‘ಇವಳೇನು ಹೊರಗಿನವಳಾ? ಒಂಬತ್ತು ತಿಂಗಳು ಇವಳನ್ನ ಹೊಟ್ಟೆಯಲ್ಲಿಟ್ಟುಕೊಂಡು ಕಾದವಳು, ಇವತ್ತು ಇವಳ ಮಗುವಿಗೆ ಕೆಟ್ಟದ್ದು ಮಾಡ್ತಾಳಾ?’ ಎಂದರು. ತಂಗಿಗೆ ಒಂದು ಲೋಟ ಹಾಲು ಕುಡಿಸಿ, ಕೈ ಹಿಡಿದು ಕರೆತಂದು, ತಾಯಿಯ ತಲೆಯ ಬಳಿ ಕುರ್ಚಿ ಹಾಕಿಸಿದರು. ಅವಳು ಅಮ್ಮನ ಹಣೆ ಮುಟ್ಟಿದಳು. ಸಾಕಷ್ಟು ಅತ್ತಳು. ಅತ್ತಾದ ಮೇಲೆ ‘ದೊಡ್ಡಮ್ಮ, ಹಸಿವಾಗ್ತಿದೆ’ ಎಂದಳು. ಆ ಮಗು ಈಗ ಕಾಲೇಜಿಗೆ ಹೋಗುತ್ತಾನೆ, ಅಜ್ಜಿಯ ಹಾಗೆಯೇ ಬಾಯಿ ತುಂಬ ಮಾತು.

ಹಿರಿಯರ ಕಟ್ಟುಪಾಡನ್ನು ನಾನು ಹಾಸ್ಯ ಮಾಡುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಜನಸಂದಣಿ, ಬಿಸಿಲು, ಬಸುರಿ ಹಸಿದು ನಿಲ್ಲಬಾರದು ಎಂಬ ಕಾಳಜಿ ಅದರೊಳಗೆ ಇದೆ. ಆ ಕಾಳಜಿ ಇರಲಿ. ಕುರ್ಚಿ ಕೊಡಿ, ಊಟ ಕೊಡಿ, ಅವಳಿಗೇ ಬೇಡವೆನಿಸಿದರೆ ಬಲವಂತ ಮಾಡಬೇಡಿ. ಆದರೆ ಸತ್ತ ತಾಯಿಯಿಂದ ಹುಟ್ಟುವ ಮಗುವಿಗೆ ಕೇಡಾಗುತ್ತದೆ ಎನ್ನುವುದು ನಮ್ಮ ವಿಶ್ವಾಸವಲ್ಲ. ಪುನರುತ್ಥಾನವನ್ನು ನಂಬುತ್ತೇನೆ ಎಂದು ಭಾನುವಾರ ಭಾನುವಾರ ಹೇಳಿ, ಸೋಮವಾರ ತಾಯಿಯ ಮುಖಕ್ಕೆ ಹೆದರುವುದು ಹೇಗೆ?

ಮಕ್ಕಳ ವಿಷಯವೂ ಹಾಗೆಯೇ. ಸಂತ ಮೋನಿಕಮ್ಮನವರು ಕ್ರಿ.ಶ. 387ರಲ್ಲಿ ಓಸ್ತಿಯ ಎಂಬ ಬಂದರಿನಲ್ಲಿ ಕಣ್ಣು ಮುಚ್ಚಿದಾಗ ಮೊಮ್ಮಗ ಅದೆಯೋದಾತ ಗಟ್ಟಿಯಾಗಿ ಅತ್ತುಬಿಟ್ಟ. ದೊಡ್ಡವರೆಲ್ಲ ಸೇರಿ ಅವನನ್ನು ಸುಮ್ಮನಾಗಿಸಿದರು. ಸಂತ ಅಗಸ್ತೀನರೇ ಇದನ್ನು ಬರೆದಿಟ್ಟಿದ್ದಾರೆ. ತಾವೂ ಮಣ್ಣಾಗುವವರೆಗೆ ಕಣ್ಣೀರು ತಡೆದುಕೊಂಡರು. ಆಮೇಲೆ ಒಬ್ಬರೇ ಇದ್ದಾಗ ದೇವರ ಮುಂದೆ ಮನಸಾರೆ ಅತ್ತರು. ಅಳುವುದು ವಿಶ್ವಾಸದ ಕೊರತೆಯಾಗಿದ್ದರೆ ಲಾಜರನ ಸಮಾಧಿಯ ಮುಂದೆ ಪ್ರಭು ಯೇಸು ಏಕೆ ಅಳುತ್ತಿದ್ದರು? ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಆದರೂ ಅತ್ತರು.

ಪ್ರಿಯರೇ, ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇನ್ನೊಂದು ದುಃಖದ ಬಗ್ಗೆ. ಅದಕ್ಕೆ ಪೆಟ್ಟಿಗೆಯೂ ಇಲ್ಲ, ಗಂಟೆಯೂ ಇಲ್ಲ. ಕೆಲವು ವರ್ಷಗಳ ಹಿಂದೆ ನವೆಂಬರ್ 2ರ ಸಂಜೆ, ಸಮಾಧಿಗಳ ಆಶೀರ್ವಾದ ಮುಗಿದು ಜನರೆಲ್ಲ ಹೊರಟಿದ್ದರು. ಗೋಡೆಯ ಪಕ್ಕದಲ್ಲಿ ವಯಸ್ಸಾದ ತಾಯಿಯೊಬ್ಬರು ಕೈಯಲ್ಲಿ ಒಂದು ಮೇಣದಬತ್ತಿ ಹಿಡಿದು ನಿಂತಿದ್ದರು. ‘ಸ್ವಾಮಿ, ಇದನ್ನ ಎಲ್ಲಿ ಹಚ್ಚಲಿ?’ ಎಂದು ಕೇಳಿದರು. ಅವರ ಮೊದಲ ಮಗು ಎಂಟನೇ ತಿಂಗಳಲ್ಲಿ, ಜೀವವಿಲ್ಲದೆ ಹುಟ್ಟಿತ್ತು. ಗಂಡನೂ ಮನೆಯ ಹಿರಿಯರೊಬ್ಬರೂ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರಂತೆ. ಎಲ್ಲಿಟ್ಟರು ಎಂದು ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಕೇಳೋಣ ಎಂದರೆ ಈಗ ಅವರಿಬ್ಬರೂ ಇಲ್ಲ. ‘ಎಷ್ಟು ಮಕ್ಕಳು ಅಂತ ಯಾರಾದರೂ ಕೇಳಿದರೆ ಇಬ್ಬರು ಅಂತೀನಿ ಸ್ವಾಮಿ. ಮನಸ್ಸಿನಲ್ಲಿ ಮಾತ್ರ ಮೂರು ಅಂದುಕೊಳ್ತೀನಿ.’ ನಾವಿಬ್ಬರೂ ರುದ್ರಭೂಮಿಯ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಆ ಬತ್ತಿ ಹಚ್ಚಿದೆವು.

ಈ ಪೂಜೆಯಲ್ಲಿ ಅಂತಹ ತಾಯಂದಿರು ಎಷ್ಟು ಮಂದಿ ಇದ್ದಾರೋ ದೇವರಿಗೆ ಗೊತ್ತು. ಮೂರನೇ ತಿಂಗಳಲ್ಲಿ ಕಳೆದುಕೊಂಡವರು, ಹುಟ್ಟಿದ ಮರುದಿನ ಕಳೆದುಕೊಂಡವರು. ಅವರಿಗೆ ನಾವು ಹೇಳುವುದೇನು? ‘ಹೋಗಲಿ ಬಿಡು, ಇನ್ನೂ ವಯಸ್ಸಿದೆ’. ‘ಸದ್ಯ, ಮುಖ ನೋಡಿ ಹಚ್ಚಿಕೊಳ್ಳುವ ಮೊದಲೇ ಹೋಯಿತು.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಡಿಸೆಂಬರ್ 8ರಿಂದ ಎಣಿಸುವ ಧರ್ಮಸಭೆಯ ಮಕ್ಕಳು ನಾವು. ಆ ಮಗು ಲೆಕ್ಕಕ್ಕೆ ಬಂದಾಗಿದೆ.

ದೀಕ್ಷಾಸ್ನಾನ ಆಗದೆ ಹೋದ ಮಗು ಎಲ್ಲಿಗೆ ಹೋಯಿತು ಎಂಬ ಭಯವನ್ನು ಎಷ್ಟೋ ಅಜ್ಜಿಯರು ಎದೆಯಲ್ಲಿಟ್ಟುಕೊಂಡೇ ಬದುಕಿದ್ದಾರೆ. ಹಿಂದೆ ಲಿಂಬೋ ಎಂಬ ಸ್ಥಳದ ಬಗ್ಗೆ ಅವರು ಕೇಳಿದ್ದರು. ಅದು ದೈವಶಾಸ್ತ್ರಜ್ಞರು ಬಹುಕಾಲ ಹೇಳುತ್ತಾ ಬಂದ ಅಭಿಪ್ರಾಯ. ನಂಬಲೇಬೇಕಾದ ವಿಶ್ವಾಸ ಸತ್ಯವೆಂದು ಧರ್ಮಸಭೆ ಅದನ್ನು ಎಂದೂ ಸಾರಿಲ್ಲ. 1992ರ ಧರ್ಮೋಪದೇಶ ಗ್ರಂಥದ 1261ನೇ ಪರಿಚ್ಛೇದವು ಇಂತಹ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ಅವರಿಗೂ ರಕ್ಷಣೆಯ ದಾರಿ ಇದೆ ಎಂದು ಆಶಿಸಲು ಹೇಳುತ್ತದೆ. 2007ರಲ್ಲಿ ವಿಶ್ವಗುರು 16ನೇ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಇದೇ ವಿಷಯದ ಮೇಲೆ ಒಂದು ದಾಖಲೆಯನ್ನು ಪ್ರಕಟಿಸಿ, ಹಾಗೆ ಆಶಿಸಲು ಗಟ್ಟಿ ಕಾರಣಗಳಿವೆ ಎಂದಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ, ದೀಕ್ಷಾಸ್ನಾನ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದ ಮಗು ಅದಕ್ಕೆ ಮೊದಲೇ ತೀರಿಕೊಂಡರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಡೆಸಬಹುದು. ಆದ್ದರಿಂದ ರಾತ್ರೋರಾತ್ರಿ ಬಟ್ಟೆಯಲ್ಲಿ ಸುತ್ತಿ ಒಯ್ಯಬೇಡಿ. ನಿಮ್ಮ ಗುರುಗಳಿಗೆ ಒಂದು ಫೋನ್ ಮಾಡಿ. ಎಷ್ಟು ಹೊತ್ತಾದರೂ ಸರಿ. ತಾಯಿಗೆ ಮಗುವಿನ ಮುಖ ನೋಡುವ ಆಸೆಯಿದ್ದರೆ ತೋರಿಸಿ. ಎಲ್ಲಿ ಮಣ್ಣು ಮಾಡಿದಿರಿ ಎಂದು ಅವಳಿಗೆ ಹೇಳಿ.

ಇನ್ನೊಂದು ವಿಷಯ ಎಲ್ಲರಿಗೂ ತಿಳಿದಿರಲಿ. ಮಗುವಿನ ಜೀವ ಅಪಾಯದಲ್ಲಿದ್ದು ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ತಂದೆ ಕೊಡಬಹುದು, ಅಜ್ಜಿ ಕೊಡಬಹುದು, ಧರ್ಮಸಭೆಯ ಇಚ್ಛೆಯಂತೆ ಮಾಡುತ್ತೇನೆ ಎಂಬ ಮನಸ್ಸಿದ್ದರೆ ಕ್ರೈಸ್ತರಲ್ಲದ ನರ್ಸ್ ಕೂಡ ಕೊಡಬಹುದು. ತಲೆಯ ಮೇಲೆ ನೀರು ಸುರಿಯುತ್ತಾ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ ಎಂದರೆ ಸಾಕು.

ಇದು ಯಾರ ಪಾಪದ ಫಲ ಎಂದು ಹುಡುಕುವವರೂ ಇದ್ದಾರೆ. ಸೊಸೆಯ ಕಾಲ್ಗುಣ, ಯಾರದೋ ಶಾಪ. ಇಂದಿನ ವಂಶಾವಳಿಯಲ್ಲಿ ಊರೀಯನ ಹೆಂಡತಿ ಎಂದು ಬಂದವಳು ಬತ್ಷೆಬ. ಅವಳಿಗೆ ಸೊಲೊಮೋನನಿಗಿಂತ ಮೊದಲು ಹುಟ್ಟಿದ ಮಗು ಏಳನೆಯ ದಿನ ತೀರಿಕೊಂಡಿತು. ಆ ಮಗುವಿನ ಹೆಸರು ಎಲ್ಲಿಯೂ ಇಲ್ಲ. ಆ ಕಥೆಯಲ್ಲಿ ದಾವೀದನ ಪಾಪವಿದೆ, ನಿಜ. ಆದರೆ ಅದನ್ನು ಹಿಡಿದುಕೊಂಡು ನಮ್ಮ ಬೀದಿಯ ತಾಯಂದಿರಿಗೆ ಲೆಕ್ಕ ಒಪ್ಪಿಸಲು ಹೋಗಬೇಡಿ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಪ್ರಭು ಯೇಸು ಎರಡನ್ನೂ ತಳ್ಳಿಹಾಕಿದರು. ಮಗು ಹೋದ ಮೇಲೆ ದಾವೀದ ಹೆಂಡತಿಯ ಬಳಿಗೆ ಹೋಗಿ ಅವಳನ್ನು ಸಂತೈಸಿದ ಎಂದು ಬರೆದಿದೆ. ಗಂಡಂದಿರೇ, ಅಷ್ಟನ್ನು ಅವನಿಂದ ಕಲಿಯಬಹುದು. ನಿಮಗೂ ದುಃಖವಿದೆ, ಅದನ್ನು ಅವಳಿಗೆ ಕಾಣಗೊಡಿ.

ಇಂದಿಗೆ ಏಳು ದಿನ ಕಳೆದರೆ ಸೆಪ್ಟೆಂಬರ್ 15, ವ್ಯಾಕುಲ ಮಾತೆಯ ಸ್ಮರಣೆ. ಹುಟ್ಟುಹಬ್ಬದ ಹೂ ಬಾಡುವ ಹೊತ್ತಿಗೆ ಮಾತೆ ಶಿಲುಬೆಯ ಬಳಿ ನಿಂತಿರುತ್ತಾರೆ. ಅಲ್ಲಿ ಪ್ರಭು ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು; ಅವನು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದ. ನಮ್ಮಲ್ಲಿ ಮೂರನೆಯ ದಿನದವರೆಗೆ ಮನೆ ತುಂಬ ಜನ. ತಿಂಗಳ ಪೂಜೆ ಮುಗಿದ ಮೇಲೆ ಬೆಂಗಳೂರಿನ ಮಗ, ದುಬೈಯ ಮಗಳು ಹೊರಡಲೇಬೇಕು. ಆಮೇಲೆ ಆ ತಾಯಿ ಒಬ್ಬರೇ ಕೂತು, ಗಂಡನ ಹೆಸರಿನಲ್ಲಿದ್ದ ಗ್ಯಾಸು, ಪಿಂಚಣಿ, ಬ್ಯಾಂಕಿನ ಕಾಗದಗಳನ್ನು ಕನ್ನಡಕ ಹುಡುಕಿ ಓದುತ್ತಾರೆ. ಎರಡು ಲೋಟ ಕಾಫಿಗೆ ಹಾಲಿಟ್ಟು, ಒಂದನ್ನು ತೆಗೆದಿಡುತ್ತಾರೆ. ಹೋಗಬೇಕಾದ್ದು ಆಗ. ಕಾಗದ ಪತ್ರ ತಿಳಿದ ಯುವಕರು ನಮ್ಮ ಧರ್ಮಕೇಂದ್ರದಲ್ಲಿ ಇದ್ದೀರಿ, ಒಂದು ಸಂಜೆ ಹೋಗಿ.

ನವೆಂಬರಿನ ಪೂಜೆಗಳಿಗಾಗಿ ಮೃತರ ಹೆಸರು ಬರೆಯುವ ಪುಸ್ತಕವನ್ನು ಅಕ್ಟೋಬರಿನಲ್ಲಿ ಬಾಗಿಲ ಬಳಿ ಇಡುತ್ತೇವೆ. ಈ ಸಲ ಹುಟ್ಟುವ ಮೊದಲೇ ಹೋದ ಮಕ್ಕಳನ್ನೂ ಅದರಲ್ಲಿ ಬರೆಯಿರಿ. ಹೆಸರಿಟ್ಟಿರದಿದ್ದರೆ ‘ನಮ್ಮ ಮಗು’ ಎಂದು ಬರೆಯಿರಿ. ಎಷ್ಟು ವರ್ಷ ಹಿಂದಿನದು ಎಂದು ಯಾರೂ ಕೇಳುವುದಿಲ್ಲ. ಇನ್ನು ಇಂದು, ಪೂಜೆಯ ಕೊನೆಯಲ್ಲಿ ಗರ್ಭಿಣಿಯರಿಗೆ ಆಶೀರ್ವಾದವಿದೆ, ಪೀಠದ ಮುಂದೆ ಬನ್ನಿ. ಈ ವರ್ಷ ಮನೆಯವರನ್ನು ಕಳೆದುಕೊಂಡವರೂ ಅವರ ಜೊತೆಯಲ್ಲೇ ಬನ್ನಿ. ಬೇರೆ ಸಾಲು ಬೇಡ. ಈಗ ಎದ್ದುನಿಂತು ಪ್ರಾರ್ಥನೆಗಳನ್ನು ಸಲ್ಲಿಸೋಣ.