ಕ್ಯಾಸೆಟ್ ಕೊಳ್ಳುವ ಮುನ್ನ

ಅಟ್ಟ ಸೇರಿದ್ದ ಹಳೆಯ ಕಂಪ್ಯೂಟರುಗಳನ್ನು ಗೆಳೆಯರು ಹುಡುಕಿ ತಂದು, ಧೂಳು ಕೊಡವಿ, ಮತ್ತೆ ಓಡುವಂತೆ ಮಾಡಿ ಪ್ರದರ್ಶನಕ್ಕೆ ಇಟ್ಟಿದ್ದಾರೆ.

ದೀಪ ಹಚ್ಚಿ ಆಯಿತು. ಬಾಗಿಲು ತೆರೆದ ಕೂಡಲೇ ನೀವೆಲ್ಲ ಕೀಬೋರ್ಡುಗಳ ಕಡೆಗೇ ನುಗ್ಗುತ್ತೀರಿ, ಅದು ನನಗೆ ಗೊತ್ತು. ಆದರೆ ಬಲಗಡೆ ಗೋಡೆಯ ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್ ಆಟಗಳನ್ನು ವಿಮರ್ಶಿಸುತ್ತಿದ್ದ ಒಂದಷ್ಟು ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಹರಡಿದ್ದಾರೆ. ನನ್ನ ಮಾತು ಅವುಗಳ ಬಗ್ಗೆ.

1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರ್ ಬಂತು. 16ಕೆ ಮೆಮೊರಿಯ ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175. ಮನೆಯ ಟೀವಿಗೆ ಅದನ್ನು ಜೋಡಿಸಿ, ಪಕ್ಕದಲ್ಲಿ ಹಾಡು ಕೇಳುವ ಮಾಮೂಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡರೆ ಸಂಸಾರ ಸಿದ್ಧ. ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಸುಮಾರು ಐದು ನಿಮಿಷ ಕೀರಲು ಸದ್ದು ಕೇಳಿಕೊಂಡು ಕಾಯಬೇಕು. ಎಲ್ಲ ಮುಗಿಯಿತು ಎನ್ನುವಾಗ ಟೇಪ್ ಲೋಡಿಂಗ್ ಎರರ್ ಎಂಬ ಸಾಲು ಮೂಡಿದರೆ ಮತ್ತೆ ಮೊದಲಿನಿಂದ. ವಾಲ್ಯೂಮ್ ಸ್ವಲ್ಪ ಏರಿಸು, ಸ್ವಲ್ಪ ಇಳಿಸು, ಅದಕ್ಕೂ ಬಗ್ಗದಿದ್ದರೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಟೇಪಿನ ಹೆಡ್ಡನ್ನೇ ತಿರುಗಿಸು.

ಆಟವೊಂದಕ್ಕೆ ಐದಾರು ಪೌಂಡ್. 1984ರಲ್ಲಿ ಅಲ್ಟಿಮೇಟ್ ಎಂಬ ಹೆಸರಾಂತ ಕಂಪನಿ ತನ್ನ ಸೇಬರ್ ವುಲ್ಫ್ ಆಟಕ್ಕೆ 9.95 ಪೌಂಡ್ ಇಟ್ಟಿತು. ಕೊಳ್ಳುವವರು ಬಹುಪಾಲು ಶಾಲೆಯ ಹುಡುಗರು, ಕೈಖರ್ಚಿನ ದುಡ್ಡು ಕೂಡಿಟ್ಟವರು. ಕಲ್ಲಂಗಡಿಯನ್ನಾದರೂ ತಟ್ಟಿ ನೋಡಿ ಕೊಳ್ಳಬಹುದು. ಸೀಲ್ ಆದ ಕ್ಯಾಸೆಟ್ಟನ್ನು ಏನು ಮಾಡುವುದು? ಮುಖಪುಟದಲ್ಲಿ ಬೆಂಕಿಯುಗುಳುವ ಡ್ರ್ಯಾಗನ್, ಒಳಗೆ ಟೀವಿಯಲ್ಲಿ ನಾಲ್ಕು ಚುಕ್ಕೆ. ಆಟದ ವಿಮರ್ಶೆ ಹುಟ್ಟಿದ್ದು ಈ ಕಷ್ಟದಿಂದ. ಅದು ಸಾಹಿತ್ಯ ವಿಮರ್ಶೆಯ ಹಾಗೆ ರಸಗ್ರಹಣವಲ್ಲ. ಹುಡುಗನ ಜೇಬು ಕಾಯುವ ಕೆಲಸ. ಅದನ್ನು ಕಡಿಮೆ ದರ್ಜೆಯ ಬರವಣಿಗೆ ಎಂದು ಮೂಗು ಮುರಿಯುವವರನ್ನು ನಾನು ಒಪ್ಪುವುದಿಲ್ಲ.

ಆ ಮೇಜಿನ ಮೇಲಿರುವ 'ಕ್ರ್ಯಾಶ್' ಪತ್ರಿಕೆಯನ್ನು ಕೈಗೆತ್ತಿಕೊಳ್ಳಿ. ಲಂಡನ್ನಿನಿಂದ ದೂರ, ಶ್ರಾಪ್‌ಶೈರ್ ಸೀಮೆಯ ಲಡ್ಲೋ ಎಂಬ ಸಣ್ಣ ಊರಿನಿಂದ 1984ರ ಫೆಬ್ರವರಿಯಲ್ಲಿ ಇದರ ಮೊದಲ ಸಂಚಿಕೆ ಹೊರಟಿತು. ರೋಜರ್ ಕೀನ್, ಆಲಿವರ್ ಫ್ರೇ, ಫ್ರಾಂಕೋ ಫ್ರೇ ಕಟ್ಟಿದ ನ್ಯೂಸ್‌ಫೀಲ್ಡ್ ಸಂಸ್ಥೆಯದು. ತಮಾಷೆಯೆಂದರೆ, ಕ್ರ್ಯಾಶ್ ಮೊದಲು ಅಂಚೆಯಲ್ಲಿ ಆಟ ಮಾರುವವರ ಬೆಲೆಪಟ್ಟಿಯಾಗಿತ್ತು. ಮಾರುವವನೇ ವಿಮರ್ಶಕನಾದರೆ ನಂಬುವುದು ಹೇಗೆ ಎಂದು ನೀವು ಕೇಳಬಹುದು, ಕೇಳಲೇಬೇಕು. ಅವರು ಕಂಡುಕೊಂಡ ದಾರಿ ಸೊಗಸಾಗಿದೆ: ತೀರ್ಪನ್ನು ಊರಿನ ಶಾಲಾ ಹುಡುಗರ ಕೈಗೇ ಕೊಟ್ಟರು. ಒಂದು ಆಟಕ್ಕೆ ಮೂವರ ಅಭಿಪ್ರಾಯ, ಒಂದರ ಪಕ್ಕ ಒಂದು. ಒಬ್ಬ ಕುಣಿದಾಡುತ್ತಾನೆ, ಇನ್ನೊಬ್ಬ ಪರವಾಗಿಲ್ಲ ಎನ್ನುತ್ತಾನೆ, ಮೂರನೆಯವನಿಗೆ ಆಕಳಿಕೆ. ಸಂಪಾದಕರು ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಲಿಲ್ಲ. 1985ರ ಮೇ ತಿಂಗಳಲ್ಲಿ ಕಮೊಡೋರ್ 64 ಎಂಬ ಇನ್ನೊಂದು ಕಂಪ್ಯೂಟರಿಗೆಂದೇ ಶುರುವಾದ 'ಝ್ಯಾಪ್ 64' ಪತ್ರಿಕೆಯಲ್ಲಂತೂ ಪ್ರತಿ ಅಭಿಪ್ರಾಯದ ಪಕ್ಕದಲ್ಲಿ ಬರೆದವನ ಪುಟ್ಟ ಮುಖಚಿತ್ರವಿರುತ್ತಿತ್ತು. ಅದರ ವಿಮರ್ಶಕ ಜೂಲಿಯನ್ ರಿಗ್ನಲ್, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಮೇಲೆ ಪಂದ್ಯ ಗೆದ್ದು ಬಂದವರು. ಹೀಗೆ ಮುಖ ಪರಿಚಯವಿದ್ದ ವಿಮರ್ಶಕನಿಗೆ ಯಾವುದು ಹಿಡಿಸುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಓದುಗನಿಗೆ ತಿಳಿದಿರುತ್ತಿತ್ತು. ಇವನಿಗೆ ಬೇಜಾರಾಗಿದ್ದರೆ ನನಗೆ ಖಂಡಿತ ಇಷ್ಟವಾಗುತ್ತದೆ ಎಂದುಕೊಂಡು ಕೊಳ್ಳಲೂ ಬಹುದಿತ್ತು.

ಆಮೇಲೆ ಕ್ರ್ಯಾಶ್ ಕೊಡುತ್ತಿದ್ದ ಅಂಕಗಳು. ಗ್ರಾಫಿಕ್ಸಿಗೆ ಇಷ್ಟು, ಬೆಲೆಗೆ ತಕ್ಕ ಮಾಲೋ ಅಲ್ಲವೋ ಎಂಬುದಕ್ಕೆ ಇಷ್ಟು, ಚಟ ಹಿಡಿಸುವ ಗುಣಕ್ಕೆ ಇಷ್ಟು, ಎಲ್ಲವೂ ಶೇಕಡಾ ಲೆಕ್ಕದಲ್ಲಿ. ಚಟ ಹಿಡಿಸುವುದಕ್ಕೆ ಅಂಕ ಕೊಡುತ್ತಿದ್ದ ಕಾಲವದು. ಇಲ್ಲಿರುವ ತಾಯಂದಿರು ಮನ್ನಿಸಬೇಕು. ತೊಂಬತ್ತರ ಆಸುಪಾಸು ತಲುಪಿದ ಆಟಕ್ಕೆ 'ಕ್ರ್ಯಾಶ್ ಸ್ಮ್ಯಾಶ್' ಎಂಬ ಬಿರುದು. ಬಿರುದು ಜಾಹೀರಾತಿಗೆ ಏರಿತು, ಮೂವರ ಜಗಳ ಪುಟದಲ್ಲೇ ಉಳಿಯಿತು. ನನ್ನನ್ನು ಕೇಳಿದರೆ ಅಂಕ ತೆಗೆದುಹಾಕಿ ಆ ಜಗಳವನ್ನಷ್ಟೇ ಅಚ್ಚು ಹಾಕಿದ್ದರೂ ಸಾಕಿತ್ತು.

ಯಂತ್ರದ ಒಳಗುಟ್ಟು ತಿಳಿಯದೆ ಈ ವಿಮರ್ಶೆ ಸಾಧ್ಯವಿರಲಿಲ್ಲ. ಸ್ಪೆಕ್ಟ್ರಮ್ಮಿನ ಪರದೆ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆ. ಎಂಟಕ್ಕೆ ಎಂಟು ಚುಕ್ಕೆಯ ಒಂದೊಂದು ಚೌಕದಲ್ಲಿ ಎರಡೇ ಬಣ್ಣ. ಬಿಳಿ ಅಂಗಿಯ ನಾಯಕ ಹಸಿರು ಮರದ ಮುಂದೆ ಹಾದರೆ ಅರ್ಧ ಮೈ ಹಸಿರಾಗುತ್ತಿತ್ತು. ಅಲ್ಟಿಮೇಟ್ ಕಂಪನಿಯವರು 'ನೈಟ್ ಲೋರ್' ಆಟದಲ್ಲಿ ಒಂದು ಕೋಣೆಗೆ ಒಂದೇ ಬಣ್ಣ ಬಳಿದು, ಆ ತಕರಾರನ್ನೇ ಬದಿಗೆ ಸರಿಸಿ, ಮೂರು ಆಯಾಮದ ಕೋಣೆಗಳನ್ನು ಕಟ್ಟಿದರು. ಬಣ್ಣ ಕಡಿಮೆ ಎಂದು ಅಂಕ ಕಳೆಯುವವನು ಅಲ್ಲಿ ಸೋತ. ಯಾಕೆ ಕಡಿಮೆ ಎಂದು ಬಲ್ಲವನಿಗೆ ಅದೊಂದು ಜಾಣ್ಮೆ.

ಹಾಗೆಂದು ವಿಮರ್ಶಕರು ಸರ್ವಜ್ಞರೇನಲ್ಲ. ಮ್ಯಾಥ್ಯೂ ಸ್ಮಿತ್ ಬರೆದ, 1984ರ 'ಜೆಟ್ ಸೆಟ್ ವಿಲ್ಲಿ'ಯನ್ನು ಎಲ್ಲರೂ ಹೊಗಳಿದರು. ಬಂಗಲೆಯ ಕೋಣೆ ಕೋಣೆಗೂ ನುಗ್ಗಿ ಬಿದ್ದಿರುವ ವಸ್ತುಗಳನ್ನೆಲ್ಲ ಎತ್ತಿದರೆ ಮಾತ್ರ ವಿಲ್ಲಿಗೆ ಮಲಗಲು ಬಿಡುತ್ತಾಳೆ ಮನೆಗೆಲಸದ ಮರಿಯಾ. ಆದರೆ ಅಟ್ಟದ ಕೋಣೆಗೆ ಒಮ್ಮೆ ಕಾಲಿಟ್ಟರೆ ಬೇರೆ ಕೆಲವು ಕೋಣೆಗಳು ಕೆಟ್ಟುಹೋಗುತ್ತಿದ್ದವು. ಆಟ ಮುಗಿಸುವುದೇ ಅಸಾಧ್ಯ. ನಡುವೆ ಉಳಿಸಿಟ್ಟು ನಾಳೆ ಮುಂದುವರಿಸುವ ಸೌಲಭ್ಯ ಇರಲಿಲ್ಲ, ಪತ್ರಿಕೆಯ ಗಡುವು ಬೇರೆ. ಕೊನೆ ಮುಟ್ಟದೆಯೇ ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಆಟ ತಂದ ಕಂಪನಿ ಮೊದಲು, ಅದು ದೋಷವಲ್ಲ, ಬೇಕೆಂದೇ ಮಾಡಿದ್ದು ಎಂದು ಹೇಳಿಕೊಂಡಿತು. ಆಮೇಲೆ, ಆಟ ಮುಗಿಸುವ ಸ್ಪರ್ಧೆಯಲ್ಲಿ ಗೆದ್ದವರೇ ತಿದ್ದುಪಡಿ ಕೊಟ್ಟರು: ಪೋಕ್ ಎಂಬ ಆದೇಶದಿಂದ ಮೆಮೊರಿಯ ಇಂತಿಂಥ ಜಾಗಕ್ಕೆ ಇಂತಿಂಥ ಸಂಖ್ಯೆ ತುಂಬಿದರೆ ಆಟ ಸರಿಹೋಗುತ್ತಿತ್ತು.

ನಮ್ಮ ದೇಶಕ್ಕೂ ಈ ಬ್ರಿಟಿಷ್ ಕಂಪ್ಯೂಟರುಗಳ ಎಳೆ ಬಂತು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್. ಪುಣೆಯ ಡೆಸಿಬೆಲ್ಸ್ ಕಂಪನಿ ಪರವಾನಗಿ ಪಡೆದು ಸ್ಪೆಕ್ಟ್ರಮ್ ತಯಾರಿಸಿತು.

ಈಗ ಪ್ರದರ್ಶನ ನಿಮ್ಮದು. ಪತ್ರಿಕೆಯ ಒಂದು ವಿಮರ್ಶೆ ಓದಿ, ಅದೇ ಆಟ ಆಡಿ, ಪಕ್ಕದಲ್ಲಿಟ್ಟಿರುವ ಚೀಟಿಯಲ್ಲಿ ನಿಮ್ಮ ಅಭಿಪ್ರಾಯ ಬರೆಯಿರಿ; ಅಂಕ ಬೇಡ, ಎರಡು ಸಾಲು ಸಾಕು. ಮೂರನೇ ಮೇಜಿನಲ್ಲಿ ಹುಡುಗರು ಜೆಟ್ ಸೆಟ್ ವಿಲ್ಲಿಯನ್ನು ತಿದ್ದುಪಡಿಯಿಲ್ಲದೆ, ಇದ್ದ ಹಾಗೇ ಹಾಕಿದ್ದಾರೆ. ಅಟ್ಟ ಹತ್ತುವವರು ಸರದಿಯಲ್ಲಿ ಕೊನೆಗೆ ನಿಲ್ಲಿ. ಲೋಡ್ ಆಗುವಾಗ ದಯವಿಟ್ಟು ಯಾರೂ ಮೇಜು ಅಲ್ಲಾಡಿಸಬೇಡಿ.